ಎರಡಡಿಗೊಬ್ಬರು

ಹಾಜರಿ ಪುಸ್ತಕದಲ್ಲಿ ಇಪ್ಪತ್ತೊಂದು ಹೆಸರು,
ಟೆಂಪೋದಲ್ಲಿ ಹನ್ನೆರಡೇ ತಲೆ.
ಭದ್ರಾವತಿಯ ಐಟಿಐ, ಫಿಟ್ಟರ್ ವಿಭಾಗ,
ಭಾನುವಾರ ಬೇರೆ. ಬಂದವರೇ ಪುಣ್ಯವಂತರೆಂದು
ಲಕ್ಕವಳ್ಳಿ ರಸ್ತೆಗೆ ಗಾಡಿ ಬಿಡಿಸಿದೆ.

ಕೆರೆಯ ದಂಡೆಗುಂಟ ಸಣ್ಣ ಹಳಿ.
'ಇದೇನ್ ಸಾರ್, ಆಟಿಕೆನಾ?' ಎಂದ ಹುಚ್ಚರಾಯ,
ಆ ಕಂಬಿಗೊಂದು ಕಾಲು ಈ ಕಂಬಿಗೊಂದು ಕಾಲು ಕೊಟ್ಟು
ರಾಜ್ಯ ಗೆದ್ದವನ ಹಾಗೆ ನಿಂತ.
ಸೆಲ್ವಿ ತಿರುವಿನಲ್ಲಿ ಕೂತು ಟೇಪು ಬಿಚ್ಚಿದಳು.
ಇಪ್ಪತ್ನಾಲ್ಕು ಇಂಚು, ಮೇಲೊಂದು ನೂಲು.
'ತಪ್ಪಿದೆ ಸಾರ್,' ಅಂದಳು ಖುಷಿಯಲ್ಲಿ.
ತಪ್ಪು ಹಿಡಿಯುವುದನ್ನೇ ನಾನವಳಿಗೆ ಕಲಿಸಿದ್ದು.

ಎಂಜಿನ್ನು ಎಮ್ಮೆಗಿಂತ ಒಂದೆರಡು ಗೇಣು ಎತ್ತರ.
ಕಾಡಿನಿಂದ ದಿಮ್ಮಿ ಎಳೆಯುತ್ತಿತ್ತಂತೆ,
ಆಮೇಲೆ ನಲವತ್ತು ಮಳೆಗಾಲ ಗುಜರಿಯ ಮೂಲೆ,
ಹೊಗೆಕೊಳವೆಯಲ್ಲಿ ಗೊರವಂಕದ ಸಂಸಾರ.
ಈಗ ಹಸಿರು ಬಣ್ಣ, ಹಿತ್ತಾಳೆಗೆ ಹುಣಸೆಹಣ್ಣಿನ ಹೊಳಪು,
ನಾಲ್ಕು ಡಬ್ಬಿ, ತಲೆಗೆ ಮೂವತ್ತು ರೂಪಾಯಿ.

ಬೆಂಕಿ ಕನ್ನಿಯಪ್ಪನದು. ಕಾರ್ಖಾನೆಯ ಕುಲುಮೆ ಆರಿದ ಮೇಲೆ
ಇಲ್ಲಿ ಬಂದು ಸೇರಿಕೊಂಡವನು.
ಹುಬ್ಬು ಸುಟ್ಟುಹೋಗಿದೆ, ಹಾಗಾಗಿ
ಆ ಮುಖಕ್ಕೆ ಯಾವಾಗಲೂ ಆಶ್ಚರ್ಯ.

ನಾನು ಬೋರ್ಡಿನ ಮುಂದೆ ನಿಂತವನಂತೆ
ಸಿಲಿಂಡರು, ಪಿಸ್ಟನ್ನು ಎಂದು ಶುರುಮಾಡಿದ್ದೆ.
ಅದು ಕೂಗಿತು.
ಪಾಠ ಅಲ್ಲಿಗೆ ಮುಗಿಯಿತು.
ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳೆಲ್ಲ ಎದ್ದವು;
ಒಂದು ಹೆಜ್ಜಾರ್ಲೆ ಮಾತ್ರ, ನಿನ್ನಂಥವರನ್ನು ಬಹಳ ಕಂಡಿದ್ದೇನೆ ಎಂಬಂತೆ
ಕೊಕ್ಕು ಎದೆಗೊತ್ತಿ ಕೂತಿತ್ತು.

ಹೊರಟಿತು. ಹೊರಡುವುದೆಂದರೆ
ಮೊದಲೊಂದು ಉಸಿರು, ಆಮೇಲೆ ಯೋಚನೆ,
ಆಮೇಲೆ ಇನ್ನೊಂದು ಉಸಿರು.
ಕಿಡಿ ಹಾರಿ ನನ್ನಂಗಿಗೆ ಸಾಸಿವೆಯಷ್ಟು ತೂತು.
ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತಿದ್ದ ಹೆಂಗಸರು
ಕೈ ಬೀಸಲಿಲ್ಲ, ಬೈದರು:
ವಾರವಾರವೂ ಅವರು ಹರವಿದ ಬಿಳುಪಿಗೆ ಮಸಿ.

ಕೋಡಿಯ ಹತ್ತಿರ ಏರು. ಅರ್ಧಕ್ಕೆ ನಿಂತಿತು.
ಗಾಜಿನ ಕೊಳವೆಯಲ್ಲಿ ನೀರು ಉಗುರಿನಷ್ಟು.
'ಟ್ಯಾಂಕಿನ ಬುಡ ಸೋರಿದೆ,' ಕನ್ನಿಯಪ್ಪ ಇಳಿದ,
ಬೆಣೆಗೆ ಬಟ್ಟೆ ಸುತ್ತಿ ಬುಡಕ್ಕೆ ಬಡಿದ.
'ಕೊಡ ಇದ್ರೆ ಕೊಡಿ, ಇಲ್ದಿದ್ರೆ ನಡೀರಿ.'
ಬೈದವರೇ ಬಕೆಟು ಕೊಟ್ಟರು,
ಮಾರಿ ಬೇಗ ತೊಲಗಲಿ ಅಂತ.

ಎಂಜಿನ್ನಿನಿಂದ ಕೆರೆಯ ಕಡೆಗೆ ಸಾಲು,
ಎರಡಡಿಗೊಬ್ಬರು, ಕೈಗೆ ಕೈ ಸಿಗುವಷ್ಟು.
ಹನ್ನೆರಡು ಜನ ನಿಂತರೂ
ನೀರಿಗೆ ಎರಡಡಿ ಕಡಿಮೆ ಬಿತ್ತು.
ಪ್ಯಾಂಟು ಮಡಚಿ ಆ ಎರಡಡಿಯಲ್ಲಿ ನಾನು ನಿಂತೆ.

ಬಕೆಟು ಹೋಯಿತು, ಬಂತು.
ಪಾಚಿ ಬಂತು, ಕಪ್ಪೆಮರಿ ಬಂತು, ಇಮ್ತಿಯಾಜ್ ಅದನ್ನು
ತಡಿ ತಡಿ ಎಂದು ಹಿಂದಕ್ಕೆ ದಾಟಿಸಿದ,
ಹತ್ತು ಕೈ ದಾಟಿ ಅದು ನನ್ನ ಅಂಗೈಗೆ ಬಂದು
ಬೇಸರದಿಂದ ನೀರಿಗೆ ಹಾರಿತು.
ಕನ್ನಿಯಪ್ಪ ತನ್ನ ಟವೆಲಿನಲ್ಲಿ ಕೆರೆಯನ್ನು ಸೋಸಿದ,
ಮಗುವಿನ ಹಾಲು ಸೋಸುವಂತೆ.

ಹಳಿಗೆ ಮರಳು ಎರಚಿದೆವು. ಚಕ್ರ ಒಮ್ಮೆ ಜಾರಿ
ಒಮ್ಮೆ ಕಚ್ಚಿತು. ನಾವು ಮುಟ್ಟಿದ ನೀರು
ಬೆಳ್ಳಗೆ, ಭಾರ ಬಿಟ್ಟು, ಕೆರೆಯ ಮೇಲೆ ವಾಲಿಕೊಂಡು ಹೋಗುತ್ತಿತ್ತು.
ಯಾರೂ ಫೋಟೋ ತೆಗೆಯಲಿಲ್ಲ, ಎಲ್ಲರ ಕೈಯೂ ಒದ್ದೆ.

ವಾಪಸಾಗುವಾಗ ಸೆಲ್ವಿ ಬಿಡಲಿಲ್ಲ, ಆ ಒಂದು ನೂಲಿನ ಲೆಕ್ಕ ಕೇಳಿದಳು.
ಕನ್ನಿಯಪ್ಪ ಇಲ್ಲದ ಹುಬ್ಬು ಏರಿಸಿದ:
'ತಿರುವಲ್ಲಿ ಅಷ್ಟು ಬಿಡಲೇಬೇಕಮ್ಮ.
ಸರಿಯಾಗಿ ಹಾಕಿದ್ರೆ ಗಾಲಿ ತಿರುಗಲ್ಲ.'
ಅವಳು ನನ್ನ ಮುಖ ನೋಡಿದಳು.
ನಾನು ಕಾಲುಚೀಲ ಹಿಂಡುತ್ತಿದ್ದೆ.

ಸೋಮವಾರ, ಬಾರದ ಒಂಬತ್ತು ಜನ ಕೇಳಿದರು:
'ಪರೀಕ್ಷೆಗೆ ಬರುತ್ತಾ ಸಾರ್?'
ಹಾಜರಿ ಕೂಗುವಾಗ ಅಂಗಿಯ ತೂತಿನಲ್ಲಿ ಬೆರಳಿಟ್ಟುಕೊಂಡೇ ಇದ್ದೆ.